ಮಳೆಯಲ್ಲಿ ಮೆತ್ತಗೆ ಇಳಿಸುವ ಚಪಲ

ವಿಮಾನವನ್ನು ಹೂವಿನಂತೆ ಇಳಿಸಿ ಪ್ರಯಾಣಿಕರಿಂದ ಭೇಷ್ ಎನಿಸಿಕೊಳ್ಳುವ ಚಪಲ ನನಗೂ ಇತ್ತು. ಮುಂಬಯಿಯ ಮಳೆಗಾಲ ಅದನ್ನು ಬಿಡಿಸಿತು.

ಅದೊಂದು ಜುಲೈ ಸಂಜೆ. ಮಂಗಳೂರಿನಿಂದ ಬರುತ್ತಿದ್ದೆವು. ಘಾಟ್‌ಕೋಪರ್ ಕಡೆಯಿಂದ 27 ಎಂಬ ಗುರುತಿನ ರನ್‌ವೇಗೆ ಇಳಿಯುವಾಗ ನೀಲಿ ಟಾರ್ಪಾಲು ಹೊದ್ದ ಸೂರುಗಳು ಕಾಣಬೇಕು. ಅಂದು ವೈಪರ್ ಬಡಿತದ ಆಚೆ ಬರೀ ಬೂದು ಬಣ್ಣ. ಕೊನೆಗೆ ದೀಪಗಳು ಕಂಡವು. ಗಾಳಿ ತಿರುಗಿ ಬೆನ್ನಿಗೆ ಬಿದ್ದಿತ್ತು. ಹಳೆಯ ಚಾಳಿ: ಮೂತಿಯನ್ನು ಕೂದಲೆಳೆಯಷ್ಟು ಹೆಚ್ಚೇ ಎತ್ತಿದೆ. ವಿಮಾನ ನೆಲ ಮುಟ್ಟದೆ ತೇಲತೊಡಗಿತು. ಚಕ್ರ ಊರಬೇಕಾದ ಜಾಗವನ್ನು ತೋರಿಸುವ ಬಿಳಿ ಪಟ್ಟೆಗಳು ಒಂದೊಂದಾಗಿ ಕೆಳಗೆ ಸರಿದುಹೋದವು.

ರನ್‌ವೇ ಸುಮಾರು 3,400 ಮೀಟರ್ ಉದ್ದವಿದೆ, ಇನ್ನೂ ಜಾಗವಿದೆಯಲ್ಲ ಎಂದು ಮನಸ್ಸು ಪುಸಲಾಯಿಸುತ್ತದೆ. ಆದರೆ ನೀರಿನ ಲೆಕ್ಕವೇ ಬೇರೆ. ಟೈರಿನೊಳಗಿನ ಗಾಳಿಯ ಒತ್ತಡ 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದ್ದರೆ ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಬೇಕು: ಸುಮಾರು 127 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 235 ಕಿ.ಮೀ. ನೀರು ನಿಂತ ರನ್‌ವೇಯಲ್ಲಿ ಅದಕ್ಕಿಂತ ವೇಗದಲ್ಲಿ ಚಕ್ರ ನೆಲದ ಮೇಲಲ್ಲ, ನೀರಿನ ಪದರದ ಮೇಲೆ ಜಾರಬಹುದು. ಆಗ ಬ್ರೇಕ್ ಒತ್ತಿದರೂ ಹಿಡಿತವಿಲ್ಲ. ನಾವು ಇಳಿಯುವುದೋ 135ರ ಆಸುಪಾಸಿನಲ್ಲಿ! 2019ರ ಜುಲೈ 1ರ ರಾತ್ರಿ ಜೈಪುರದಿಂದ ಬಂದ ವಿಮಾನ ಇದೇ ರನ್‌ವೇ ಮುಗಿದರೂ ನಿಲ್ಲದೆ ಕೆಸರಿಗೆ ಹೋಗಿತ್ತು. ಜೀವಹಾನಿಯಾಗಲಿಲ್ಲ, ಆದರೆ ಮುಖ್ಯ ರನ್‌ವೇ ಮೂರು ದಿನಕ್ಕೂ ಹೆಚ್ಚು ಕಾಲ ಮುಚ್ಚಿತ್ತು.

"ಗೋ ಅರೌಂಡ್" ಎಂದಳು ಪಕ್ಕದಲ್ಲಿದ್ದ ಸಹಪೈಲಟ್. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಸುತ್ತಿ ಬಾ ಎಂದು ಅರ್ಥ. ನನಗಿಂತ ಹದಿನೈದು ವರ್ಷ ಕಿರಿಯಳು, ದನಿಯಲ್ಲಿ ಅಳುಕಿರಲಿಲ್ಲ. ನೆಲ ಮುಟ್ಟಿದ ಮೇಲೆ ವೇಗ ತಗ್ಗಿಸಲು ಎಂಜಿನ್ನಿನ ಒತ್ತನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಒಮ್ಮೆ ಎಳೆದರೆ ಮತ್ತೆ ಮೇಲೇರುವಂತಿಲ್ಲ. ಅದಕ್ಕೆ ಮೊದಲೇ ಅವಳು ಹೇಳಿದ್ದಳು. ಎಂಜಿನ್ ಲಿವರ್‌ಗಳನ್ನು ಮುಂದಕ್ಕೆ ತಳ್ಳಿ ವಿಮಾನವನ್ನು ಮೇಲೇರಿಸಿದೆ.

ಎರಡನೆಯ ಸುತ್ತಿಗೆ ಗಾಳಿ ಮತ್ತೆ ಎದುರಿನಿಂದ ಬೀಸುತ್ತಿತ್ತು. ಈ ಸಲ ಶೃಂಗಾರ ಮಾಡಲಿಲ್ಲ. ಗುರುತಿನ ಜಾಗದಲ್ಲೇ ಚಕ್ರಗಳನ್ನು ಧಡ್ ಎಂದು ಊರಿದೆ. ಹಾಗೆ ಊರಿದರೆ ಚಕ್ರ ನೀರನ್ನು ಸೀಳಿ ನೆಲ ಹಿಡಿಯುತ್ತದೆ, ಕೂಡಲೇ ತಿರುಗತೊಡಗುತ್ತದೆ. ರೆಕ್ಕೆಯ ಮೇಲಿನ ಸ್ಪಾಯ್ಲರ್ ಎಂಬ ಫಲಕಗಳು ಎದ್ದು, ಎತ್ತುವ ಬಲ ತಗ್ಗಿ ಭಾರವೆಲ್ಲ ಚಕ್ರಕ್ಕೆ ಬೀಳುತ್ತದೆ. ಭುಜದ ಪಟ್ಟಿ ಎದೆಯನ್ನು ಒತ್ತಿತು. ಬ್ರೇಕ್ ಹಿಡಿಯಿತು ಎಂದು ಗೊತ್ತಾದದ್ದು ಆಗಲೇ.

ವಿಮಾನದಿಂದ ಇಳಿಯುವಾಗ, ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. "ಎಂತ ಕ್ಯಾಪ್ಟನರೇ, ಮೊದಲ ಸಲ ಇಳಿಸಲೇ ಇಲ್ಲ, ಎರಡನೇ ಸಲ ಎತ್ತಿ ಹಾಕಿದಿರಿ!"

"ತಪ್ಪಾಯಿತು ರಾಯರೇ" ಎಂದೆ. ಸಹಪೈಲಟ್ ನಗು ತಡೆಯಲು ಲಾಗ್‌ಪುಸ್ತಕದೊಳಗೆ ಮುಖ ಹುದುಗಿಸಿದ್ದಳು.