ಮೊದಲು ಸಂದು, ಆಮೇಲೆ ಬೆಸುಗೆ

ಕಾರು ಕೊಂಡ ಮೇಲೆ ಮಾಡಿದ ಮೊದಲ ಪರೀಕ್ಷೆಯನ್ನು ಕೊಳ್ಳುವ ಮುಂಚೆಯೇ ಮಾಡಬೇಕಿತ್ತು. ಫ್ರಿಜ್ಜಿಗೆ ಅಂಟಿಸಿದ್ದ ಅಯಸ್ಕಾಂತದ ಬಿಲ್ಲೆಯೊಂದನ್ನು ಕಿತ್ತು ತಂದು, ಬಟ್ಟೆ ಸುತ್ತಿ, ಕಾರಿನ ಮೈಮೇಲೆ ಅಲ್ಲಲ್ಲಿ ಇಟ್ಟು ನೋಡಿದೆ. ಛಾವಣಿಗೆ ಟಪ್ಪನೆ ಅಂಟಿತು. ಡೋರಿಗೂ ಅಂಟಿತು. ಹಿಂದಿನ ಎಡ ಚಕ್ರದ ಕಮಾನಿನ ಹತ್ತಿರ ಇಟ್ಟರೆ ಸೀದಾ ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ. ಕೆಂಪು ಬಣ್ಣದ ಕೆಳಗೆ ಹೋಳಿಗೆಯ ಹೂರಣದ ಹಾಗೆ ಪುಟ್ಟಿ ತುಂಬಿಟ್ಟಿದ್ದರು.

ಕಾರು 1968ರ ಫೋರ್ಡ್ ಮಸ್ಟ್ಯಾಂಗ್, ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು), 289 ಘನ ಇಂಚಿನ ವಿ8 ಎಂಜಿನ್. ಮಸ್ಟ್ಯಾಂಗ್ ದೊಡ್ಡ ಎಂಜಿನ್ನಿನ, ವೇಗದ ಮಸಲ್ ಕಾರೇ ಅಲ್ಲ, ಅದಕ್ಕಿಂತ ಚಿಕ್ಕ, ಸ್ಪೋರ್ಟಿ ಪೋನಿ ಕಾರು ಅಂತ ವಾದ ಮಾಡುವವರಿದ್ದಾರೆ. ಆ ಹೆಸರು ಹುಟ್ಟಿದ್ದೇ ಇದರಿಂದ ಅನ್ನುವುದೂ ನಿಜ. ನಮ್ಮ ಮನೆಯಲ್ಲಿ ಮಾತ್ರ ಇದಕ್ಕೆ ‘ತುಕ್ಕು ಕುದುರೆ’ ಅಂತ ಹೆಸರು, ಇಟ್ಟವಳು ನನ್ನ ಹೆಂಡತಿ. ಕಾರಿನ ಚಾಸಿ ನಂಬರ್ ಶುರುವಾಗುವುದು 8ಎಫ್01ಸಿ ಅಂತ. 8 ಅಂದರೆ 1968, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 01 ಅಂದರೆ ಹಾರ್ಡ್‌ಟಾಪ್, ಸಿ ಅಂದರೆ ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 289. ನಾನಿರುವುದು ಮಿಶಿಗನ್‌ನ ಕ್ಯಾಂಟನ್‌ನಲ್ಲಿ. ಅಂದರೆ ಈ ಕಾರು ಹುಟ್ಟಿದ್ದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ. ಇಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಅದನ್ನು ತಿನ್ನುವ ಉಪ್ಪು.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರಿನವನು. 2019ರಲ್ಲಿ ಕಾರು ತಂದಾಗ ವೆಲ್ಡಿಂಗ್ ಮಷೀನನ್ನು ಮುಟ್ಟಿಯೂ ಇರಲಿಲ್ಲ. ಆದರೆ ಹಾಸನದಲ್ಲಿ ನನ್ನ ಸೋದರಮಾವ ನಲವತ್ತು ವರ್ಷ ಟಿಂಕರಿಂಗ್ ಮಾಡಿದವರು, ಅಂಬಾಸಡರ್, ಫಿಯಟ್‌ಗಳ ಕಾಲದಿಂದ. ಚಿಕ್ಕವನಾಗಿದ್ದಾಗ ರಜೆಗೆ ಹೋದರೆ ಅವರ ಶೆಡ್ಡಿನಲ್ಲಿ ಎಮರಿ ಪೇಪರ್ ನೆನೆಸಿ ಕೊಡುವುದು ನನ್ನ ಕೆಲಸ. ಆ ಒಂದೇ ಧೈರ್ಯ. ಶನಿವಾರ ಬೆಳಗ್ಗೆ ನನಗೆ ಕಾಫಿ, ಅವರಿಗೆ ಸಂಜೆಯ ಟೀ. ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿಟ್ಟು ಪಾಠ.

ಮೊದಲು ಕೈ ಹಾಕಿದ್ದು ಕೌಲ್‌ಗೆ. ಗಾಜಿನ ಮುಂದೆ, ಬಾನೆಟ್ಟಿನ ಹಿಂದೆ ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅದರ ಕೆಳಗಿನ ತಗಡಿನ ಪೆಟ್ಟಿಗೆ ಅದು. ಆ ಕಾಲದ ಮಸ್ಟ್ಯಾಂಗ್‌ಗಳ ಹಳೆಯ ರೋಗ ಇರುವುದೇ ಅಲ್ಲಿ. ಮಳೆ ನೀರು ಆ ಪೆಟ್ಟಿಗೆಯಲ್ಲಿ ಇಳಿದು ಪಕ್ಕದಿಂದ ಹೊರಗೆ ಹೋಗಬೇಕು. ಎಲೆ, ಮಣ್ಣು ಕೂತು ದಾರಿ ಕಟ್ಟಿದರೆ ನೀರು ನಿಲ್ಲುತ್ತದೆ. ಗಾಳಿ ತೂತಿನ ಸುತ್ತ ಟೋಪಿಯ ಹಾಗೆ ಎದ್ದು ನಿಂತ ಅಂಚಿನ ಬುಡ ತುಕ್ಕು ಹಿಡಿಯುತ್ತದೆ. ಕೊನೆಗೆ ಕಾಲಿನ ಮೇಲೆ ತೊಟ್ಟಿಕ್ಕುತ್ತದೆ. ಒಂದು ಬಕೆಟ್ ನೀರು ಸುರಿದೆ. ಎರಡೂ ಕಡೆ ನೆಲದ ಮೇಲೆ ಹಾಸಿದ್ದ ಪೇಪರ್ ತೊಪ್ಪೆಯಾಯಿತು. ಕಾಲಡಿಯ ತಗಡು, ಅಂದರೆ ಫ್ಲೋರ್ ಪ್ಯಾನ್, ಯಾಕೆ ಜರಡಿಯಾಗಿದೆ ಅನ್ನುವುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗೆ ಹೊಸ ತಗಡು ಹಾಕಿದರೆ ಅದೂ ಹಾಗೇ ಹೋಗುತ್ತದೆ. ಫೆಂಡರ್, ಮುಂದಿನ ಗಾಜು ಎಲ್ಲ ಬಿಚ್ಚಿ, ಸ್ಪಾಟ್ ವೆಲ್ಡ್‌ಗಳನ್ನು, ಅಂದರೆ ಚುಕ್ಕೆ ಬೆಸುಗೆಗಳನ್ನು, ಒಂದೊಂದಾಗಿ ಕೊರೆದು ಮೇಲಿನ ತಗಡು ಎತ್ತುವಷ್ಟರಲ್ಲಿ ಮೂರು ವಾರಾಂತ್ಯ ಕಳೆದಿತ್ತು. ಒಳಗೆ ಇಲಿ ಗೂಡಿತ್ತು.

ಬೆಸುಗೆ ಕಲಿತದ್ದು ಫ್ಲೋರ್ ಪ್ಯಾನಿನ ಮೇಲೆ. ಕಾರ್ಪೆಟ್ ಮುಚ್ಚುವ ಜಾಗ, ಚೆಂದ ಕೆಟ್ಟರೂ ಯಾರಿಗೂ ಕಾಣಿಸುವುದಿಲ್ಲ. ಶುರುವಿನಲ್ಲಿ ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಯಲ್ಲಿ ಹೊರಟೆ, ಅದು ಅಗ್ಗ. ಮಿಲಿಮೀಟರ್ ದಪ್ಪದ ತಗಡಿಗೆ ಆ ಬಿಸಿ ಜಾಸ್ತಿ. ಒಂದು ತೂತು ಮುಚ್ಚಲು ಹೋದರೆ ಪಕ್ಕದಲ್ಲಿ ಎರಡು ತೂತು. ಆಮೇಲೆ ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸಿನ, 75 ಭಾಗ ಆರ್ಗಾನ್, 25 ಭಾಗ ಕಾರ್ಬನ್ ಡೈ ಆಕ್ಸೈಡ್ ಬೆರೆತ ಸಿಲಿಂಡರ್ ತಂದು 0.6 ಮಿ.ಮೀ. ತಂತಿ ಹಾಕಿದ ಮೇಲೆ ಕೈ ಮಾತು ಕೇಳತೊಡಗಿತು. ಒಂದು ದಿನವಿಡೀ ಗುಳ್ಳೆ ಗುಳ್ಳೆ ಬೆಸುಗೆ ಬಂದು ಮಷೀನನ್ನೇ ಬೈದುಕೊಂಡಿದ್ದೇನೆ. ಸಿಲಿಂಡರಿನ ವಾಲ್ವನ್ನೇ ತಿರುಗಿಸಿರಲಿಲ್ಲ.

ಇನ್ನು ಹಿಂದಿನ ಎಡ ಕ್ವಾರ್ಟರ್ ಪ್ಯಾನೆಲ್ ಕಥೆ. ಡೋರಿನ ಹಿಂದಿನಿಂದ ಟೇಲ್ ಲ್ಯಾಂಪಿನವರೆಗೆ ಚಕ್ರದ ಮೇಲೆ ಹೋಗುವ ದೊಡ್ಡ ತಗಡು ಇದು. ಹೊಸದು ಕಪ್ಪು ಲೇಪನದಲ್ಲಿ ಬಂತು. ಹಳೆಯದನ್ನು ಕತ್ತರಿಸಿ ತೆಗೆದು, ಹೊಸದನ್ನು ಕ್ಲ್ಯಾಂಪ್ ಹಾಕಿ ಕೂರಿಸಿ, ಎರಡು ದಿನದಲ್ಲಿ ಬೆಸೆದು ಮುಗಿಸಿದೆ. ಹೆಮ್ಮೆಯಿಂದ ಫೋನ್ ತಿರುಗಿಸಿ ತೋರಿಸಿದೆ.

ಮಾವ ಬಹಳ ಹೊತ್ತು ನೋಡಿದರು. “ಲೋ, ಬೆಸುಗೆ ಹಾಕೋಕೆ ಮುಂಚೆ ಡೋರ್ ಕೂರಿಸಿ ನೋಡಿದ್ಯೇನೋ?”

“ಇಲ್ಲ ಮಾವ. ಡೋರ್ ಬೇಸ್‌ಮೆಂಟಲ್ಲಿದೆ.”

“ಹೋಗು, ತಗೊಂಬಾ.”

ತಂದು ಕೂರಿಸಿದೆ. ಡೋರಿಗೂ ಪ್ಯಾನೆಲಿಗೂ ನಡುವಿನ ಸಂದು ಮೇಲೆ 2 ಮಿಲಿಮೀಟರ್, ಕೆಳಗೆ 9. ಡಿಕ್ಕಿಯ ಮುಚ್ಚಳವಂತೂ ಒಂದು ಮೂಲೆಯಲ್ಲಿ ಒಳಗೇ ಇಳಿಯಲೊಲ್ಲದು. ಸಾಲದ್ದಕ್ಕೆ ಪ್ಯಾನೆಲಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ತಗಡಿನ ಡಬ್ಬಿ ಮುಚ್ಚಳದಂತೆ ಟಕ್ ಟಕ್ ಅನ್ನುತ್ತಿತ್ತು. ಆತುರದಲ್ಲಿ ಉದ್ದಕ್ಕೆ ಎಳೆದ ಬೆಸುಗೆಯ ಬಿಸಿಗೆ ತಗಡು ಸೊಟ್ಟಗಾಗಿತ್ತು. ಮಾವ ಬೈಯಲಿಲ್ಲ. “ಬಿಚ್ಚು” ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಎರಡನೇ ಸಲ ಕೆಲಸದ ಕ್ರಮವೇ ತಲೆಕೆಳಗಾಯಿತು. ಮೊದಲು ಡೋರಿನ ಹಿಂಜಿನ ಪಿನ್ನು, ಬುಷ್ ಹೊಸದು ಹಾಕಿದೆ. ಜೋತುಬಿದ್ದ ಡೋರಿಗೆ ಸಂದು ಹೊಂದಿಸಿದರೆ ಪ್ರಯೋಜನವಿಲ್ಲ. ಕಾರಿನ ಭಾರ ಚಕ್ರದ ಮೇಲೇ ನಿಲ್ಲುವ ಹಾಗೆ ಮಾಡಿದೆ. ಹಿಂದಿನ ಸಲ ನಡು ಮೈಗೆ ಸ್ಟ್ಯಾಂಡ್ ಕೊಟ್ಟಿದ್ದೆ, ಬಾಡಿ ಕೂದಲೆಳೆಯಷ್ಟು ಬಾಗಿದರೂ ಸಂದಿನಲ್ಲಿ ತೋರಿಬಿಡುತ್ತದೆ. ಡೋರ್ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪೈಪಿನ ಆಸರೆ ಬೆಸೆದೆ. ಡೋರು, ಡಿಕ್ಕಿ ಮುಚ್ಚಳ, ಟೇಲ್ ಲ್ಯಾಂಪ್ ಎಲ್ಲವನ್ನೂ ಕೂರಿಸಿ, ಪ್ಯಾನೆಲನ್ನು ಬರೀ ಸ್ಕ್ರೂಗಳಲ್ಲಿ ಹಿಡಿಸಿದೆ. ಸಂದು ಅಳೆಯಲು ಮೂರು ಹದಿನಾರನೇ ಇಂಚಿನ, ಅಂದರೆ 5 ಮಿಲಿಮೀಟರಿಗೆ ಸ್ವಲ್ಪ ಕಡಿಮೆ ದಪ್ಪದ ಡ್ರಿಲ್ ಬಿಟ್. ಅದರ ಬುಡ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಜಾರಬೇಕು. ಜಾರುವುದಕ್ಕೆ ಹನ್ನೊಂದು ಸಂಜೆ ಬೇಕಾದವು. ಬೆಸುಗೆ ಹಾಕುವುದಕ್ಕಿಂತ ಇದೇ ನಿಜವಾದ ಕೆಲಸ ಅಂತ ನನಗೆ ಈಗಲೂ ಅನಿಸುತ್ತದೆ.

ಬೆಸುಗೆಯೂ ಹಾಗೇ. ಒಂದು ಚುಕ್ಕೆ ಇಲ್ಲಿ, ಮುಂದಿನದು ಅಡಿ ದೂರದಲ್ಲಿ, ಮತ್ತೆ ಇನ್ನೆಲ್ಲೋ. ಕೈಯಿಟ್ಟರೆ ಸುಡಬಾರದು, ಆಮೇಲೆಯೇ ಪಕ್ಕದ ಚುಕ್ಕೆ. ಬೆಸುಗೆ ತಣ್ಣಗಾಗುವಾಗ ಸುತ್ತಲ ತಗಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಸೊಟ್ಟ ಆಗುವುದೇ ಆ ಎಳೆತಕ್ಕೆ. ಒಳಗಿನಿಂದ ಡಾಲಿಯನ್ನು, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿಯನ್ನು, ಒತ್ತಿ ಹಿಡಿದು ಮೇಲಿಂದ ಚುಕ್ಕೆಯ ಮೇಲೆಯೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕುಗ್ಗಿದ್ದು ಮತ್ತೆ ಹಿಗ್ಗುತ್ತದೆ. ಡಾಲಿ ಇರುವ ಕಡೆ ಹೊಡೆದರೆ ತಗಡು ಹಿಗ್ಗುತ್ತದೆ, ಡಾಲಿಯ ಪಕ್ಕಕ್ಕೆ ಹೊಡೆದರೆ ಉಬ್ಬು ಇಳಿಯುತ್ತದೆ. ಒಂದು ವಾಕ್ಯದಲ್ಲಿ ಹೇಳಿಬಿಟ್ಟೆ, ಕೈಗೆ ಹತ್ತಲು ಒಂದು ಚಳಿಗಾಲವೇ ಹಿಡಿಯಿತು.

ಪುಟ್ಟಿ ಅಂದರೆ ಮೋಸ ಅಂತ ನನ್ನ ತಲೆಯಲ್ಲಿತ್ತು, ಅಯಸ್ಕಾಂತ ಬಿದ್ದ ದಿನದಿಂದ. ಹಾಗಲ್ಲ. ತೂತು ಮುಚ್ಚಲು ಹಾಕಿದರೆ ಮೋಸ. ಗಟ್ಟಿ ತಗಡಿನ ಮೇಲೆ ಒಂದೆರಡು ಮಿಲಿಮೀಟರ್ ಸವರಿದರೆ ಅದು ಕಸುಬು. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ ನೂರಕ್ಕೆ ಎರಡರಷ್ಟು. ನಾನು ಜುಲೈ ಬಿಸಿಲಲ್ಲಿ ಕಣ್ಣಂದಾಜಿನಲ್ಲಿ ಹಿಂಡಿ, ಸವರುವ ಮುಂಚೆ ಹಲಗೆಯ ಮೇಲೆಯೇ ಕಲ್ಲಾಗಿಸಿಕೊಂಡಿದ್ದೇನೆ. ಉಜ್ಜುವುದಕ್ಕೆ ಉದ್ದನೆಯ ಮರದ ಹಲಗೆ, ಮೊದಲು ಒರಟಾದ 80ರ ಎಮರಿ, ಆಮೇಲೆ ಇನ್ನೂ ನಯವಾದ 120, 180. ಬರಿಗೈಯಲ್ಲಿ ಎಮರಿ ಹಿಡಿದು ಉಜ್ಜಿದರೆ ಬೆರಳಿನ ಗುರುತಿಗೇ ಹಳ್ಳ ಬೀಳುತ್ತದೆ.

ಇಲ್ಲಿ ಮಾವ ಹೇಳಿಕೊಟ್ಟ ಒಂದು ಉಪಾಯ. ಕಣ್ಣಿಗೆ ಸಮ ಕಂಡರೂ ನಂಬಬೇಡ, ಹತ್ತಿಯ ಬಟ್ಟೆಯ ತುಂಡನ್ನು ಅಂಗೈ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಸವರು ಅಂದರು. ಬರಿಗೈ ತಗಡಿಗೆ ಹಿಡಿದುಕೊಳ್ಳುತ್ತದೆ. ಬಟ್ಟೆ ಇದ್ದರೆ ಜಾರುತ್ತದೆ, ಹಳ್ಳ ದಿಣ್ಣೆ ಅಂಗೈಗೆ ತಿಳಿಯುತ್ತದೆ. ನನ್ನ ಎಂಟು ವರ್ಷದ ಮಗಳು ಇದನ್ನು ಆಟ ಮಾಡಿಕೊಂಡಳು. ನಾನು ಮುಗಿಯಿತು ಅಂದಲ್ಲೆಲ್ಲ “ಇಲ್ಲಿ ಹಳ್ಳ ಇದೆ ಅಪ್ಪಾ” ಅಂತ ಪೆನ್ಸಿಲ್ ಸುತ್ತು ಹಾಕುತ್ತಿದ್ದಳು. ಪ್ರೈಮರಿನ ಮೇಲೆ ತೆಳ್ಳಗೆ ಕಪ್ಪು ಸ್ಪ್ರೇ ಉದುರಿಸಿ ಉಜ್ಜಿದಾಗ ಹಳ್ಳದಲ್ಲಿ ಕಪ್ಪು ಉಳಿಯುತ್ತದಲ್ಲ, ಅವಳ ಸುತ್ತುಗಳ ಒಳಗೇ ಉಳಿದಿತ್ತು.

ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆದದ್ದು ನಾನೇ. ಮುಂದಿನ ದಪ್ಪ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಲೇಪ ಎಲ್ಲವನ್ನೂ ಪೇಂಟ್ ಶಾಪಿಗೆ ಬಿಟ್ಟೆ. ಆ ಬಣ್ಣಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಆಸ್ತಮಾ ಹತ್ತುತ್ತದೆ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಸುಕು ಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಅಂಥದಕ್ಕೆ ನಾನು ಕೈ ಹಾಕಲಿಲ್ಲ. ಬಣ್ಣದ ಆಯ್ಕೆಗೆ ಚರ್ಚೆಯೇ ಬೇಕಾಗಲಿಲ್ಲ. ಡೋರಿನ ತಗಡು ಚೀಟಿಯಲ್ಲಿ ಡಿ ಅಕ್ಷರ ಇತ್ತು, ಅಕಾಪುಲ್ಕೊ ನೀಲಿ. ಕೆಂಪು ಕೆರೆದಾಗ ಡಿಕ್ಕಿಯೊಳಗೆ ಅದೇ ನೀಲಿ ಸಿಕ್ಕಿತ್ತು.

2023ರ ಬೇಸಿಗೆಯಲ್ಲಿ ಕಾರು ಮನೆಗೆ ಬಂತು. ಗಾಜು, ವೈಪರ್ ಕೂರಿಸಿ, ಫೋನನ್ನು ಸೀಟಿನ ಮೇಲೆ ಮಾವನಿಗೆ ಕಾಣುವಂತೆ ಇಟ್ಟು, ನೆಲಕ್ಕೆ ಪೇಪರ್ ಹಾಸಿ ಕೌಲ್ ಮೇಲೆ ಒಂದು ಬಕೆಟ್ ನೀರು ಸುರಿದೆ. ಬಲಗಡೆ ಪೇಪರ್ ಒಣ. ಎಡಗಡೆ ರೂಪಾಯಿ ನಾಣ್ಯದಗಲ ಒದ್ದೆ.

“ವೈಪರ್ ಬುಡದ ವಾಷರ್ ನೋಡೋ” ಅಂದರು ಮಾವ.

ಡ್ಯಾಶ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟೆ. ರಬ್ಬರ್ ವಾಷರನ್ನು ತಲೆಕೆಳಗಾಗಿ ಹಾಕಿದ್ದೆ.