ಧರಣಿಗೆ ಮೊದಲು ಸೀಲು ಹಾಕಿಸಿ

"ನಿಮ್ಮ ಮನವಿ ನಮಗೆ ಬಂದೇ ಇಲ್ವಲ್ಲಪ್ಪ!"

ಹಾಸ್ಟೆಲ್ ನೀರಿಗಾಗಿ ಧರಣಿ ಕೂತ ದಾವಣಗೆರೆ ವಿಶ್ವವಿದ್ಯಾಲಯದ ಹುಡುಗರು ಕಚೇರಿಯವರ ಈ ಒಂದು ಮಾತಿಗೆ ಜಮಖಾನ ಸುತ್ತಿಕೊಂಡು ಎದ್ದದ್ದನ್ನು ನೋಡಿದ್ದೇನೆ. ಮನವಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಕೊಟ್ಟಾಯಿತು ಅಂದುಕೊಂಡಿದ್ದರು.

ಹಂತ 1: ಸಂವಿಧಾನದ 19(1)(ಎ) ಮಾತಿನ ಹಕ್ಕು, 19(1)(ಬಿ) ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಗಾಗಿ ನ್ಯಾಯಯುತ ನಿರ್ಬಂಧ ಹಾಕಬಹುದು. ಅಡ್ಮಿಶನ್ ದಿನ ಓದದೆ ಸಹಿ ಮಾಡಿದ ಮುಚ್ಚಳಿಕೆಯಲ್ಲಿ ಧರಣಿಯ ಬಗ್ಗೆ ಏನಿದೆ ಎಂದು ಈಗಲಾದರೂ ಓದಿ.

ಹಂತ 2: ಮನವಿ. ಎಡವುವುದೆಲ್ಲ ಇಲ್ಲೇ. ಒಂದೇ ಹಾಳೆ ಸಾಕು. ಬೇಡಿಕೆ, ದಿನಾಂಕ, ಎಷ್ಟರಿಂದ ಎಷ್ಟು ಗಂಟೆ, ಯಾವ ಜಾಗ, ಅಂದಾಜು ಎಷ್ಟು ಜನ, ಇಬ್ಬರ ಫೋನ್ ನಂಬರ್. "ಉಗ್ರ ಹೋರಾಟ ಅನಿವಾರ್ಯ" ಎಂಬ ಸಾಲು ಬೇಡವೇ ಬೇಡ. ಅನುಮತಿ ನಿರಾಕರಿಸಲು ನೀವೇ ಕಾರಣ ಬರೆದುಕೊಟ್ಟಂತೆ. ಜೆರಾಕ್ಸ್ ಅಂಗಡಿಯ ರೆಡಿಮೇಡ್ ಮನವಿಯಲ್ಲಿ ಈ ಸಾಲು ಇದ್ದೇ ಇರುತ್ತದೆ, ಮುಟ್ಟಬೇಡಿ. ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಸಾಹೇಬರು ಬರಲಿ" ಅಂದರೆ ಕಾಯುತ್ತ ಕೂರಬೇಡಿ, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಚಿತ್ರದುರ್ಗ ಸ್ನಾತಕೋತ್ತರ ಕೇಂದ್ರವಾದ ಜ್ಞಾನಗಂಗೋತ್ರಿಯವರು ಅಲ್ಲಿ ಕೊಟ್ಟು ಸುಮ್ಮನಾಗದೆ, ತೋಳಹುಣಸೆಯ ಮುಖ್ಯ ಆವರಣ ಶಿವಗಂಗೋತ್ರಿಯಲ್ಲಿರುವ ಕುಲಸಚಿವರಿಗೂ ಒಂದು ಪ್ರತಿ ಕಳಿಸುವುದು ಮೇಲು. ಅನುಮತಿ ಇಲ್ಲ ಎಂದರೆ ಜಗಳ ಬೇಡ, ಹಿಂಬರಹ, ಅಂದರೆ ಕಾರಣ ಬರೆದ ಲಿಖಿತ ಉತ್ತರ ಕೇಳಿ. ಬಾಯಲ್ಲಿ "ಆಗಲ್ಲ" ಅನ್ನುವವರು ಕಾರಣವನ್ನು ಕಾಗದದ ಮೇಲೆ ಬರೆಯುವಾಗ ಎರಡು ಸಲ ಯೋಚಿಸುತ್ತಾರೆ.

ಹಂತ 3: ಗೇಟು ದಾಟಿ ದಾವಣಗೆರೆ ಊರೊಳಗಿನ ಜಯದೇವ ವೃತ್ತದ ಕಡೆ ಮೆರವಣಿಗೆ ಹೊರಟರೆ ಪೊಲೀಸರ ಅನುಮತಿ ಬೇರೆ. "144 ಇದೆ" (ಗುಂಪು ಸೇರದಂತೆ ನಿಷೇಧಾಜ್ಞೆ ಇದೆ) ಎಂದು ಯಾರಾದರೂ ತಡೆದರೆ ಆದೇಶದ ಪ್ರತಿ ಕೇಳಿ. 2024ರ ಜುಲೈ 1ರಿಂದ ಅದು ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಮ್ಯಾಜಿಸ್ಟ್ರೇಟ್ ಲಿಖಿತವಾಗಿ ಹೊರಡಿಸಬೇಕು. ಸರ್ಕಾರ ವಿಸ್ತರಿಸದಿದ್ದರೆ ಎರಡು ತಿಂಗಳಷ್ಟೇ ಆಯುಷ್ಯ. ನ್ಯಾಯವಾದ ಅಭಿಪ್ರಾಯ, ಅಹವಾಲುಗಳ ಬಾಯಿ ಮುಚ್ಚಿಸಲು ಇದನ್ನು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಹೇಳಿದೆ. ಆದರೆ ಆದೇಶ ನಿಜವಾಗಿ ಇದ್ದರೆ ಅಂದು ಗುಂಪು ಸೇರಬೇಡಿ. ದಿನ ಬದಲಿಸಿ, ಇಲ್ಲವೇ ವಕೀಲರನ್ನು ಕಾಣಿ.

ಹಂತ 4: ಬಾಡಿಗೆ ಮೈಕು ಬೇಡ. ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿರಬಹುದು, ಕೇಸು ಹಾಕಲು ಅಷ್ಟು ಸಾಕು. ಫ್ಲೆಕ್ಸ್‌ಗೆ ದುಡ್ಡು ಸುರಿಯುವ ಬದಲು ರಟ್ಟಿನ ಮೇಲೆ ಕೈಬರಹದಲ್ಲಿ ಬರೆಯಿರಿ. ಸೀಲು ಬಿದ್ದ ಪ್ರತಿ ಮಾತ್ರ ಮುಂದಾಳಿನ ಜೇಬಲ್ಲೇ ಇರಲಿ, ರೂಮಿನಲ್ಲಿ ಬಿಟ್ಟು ಬರಬೇಡಿ.