ರಿನೈಸಾನ್ಸ್ (ಯೂರೋಪಿನ ಪುನರುಜ್ಜೀವನ ಕಾಲದ) ಕಲಾವಿದೆಯರು ಬರೆದ ಭಾವಚಿತ್ರದಲ್ಲಿ ವಯಸ್ಸು, ಅಂತಸ್ತು ಓದೋದು ಹೇಗೆ?

ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಚಿತ್ರದಲ್ಲಿ ಎಲ್ಲಾದರೂ ಬರಹ ಇದೆಯಾ ಅಂತ ಹುಡುಕಿ. ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ ಕಡೆಯ) ಕತರೀನಾ ವಾನ್ ಹೆಮೆಸೆನ್ 1548ರಲ್ಲಿ ಬರೆದ ತನ್ನದೇ ಚಿತ್ರದ ಮೇಲೆ ಹೆಸರು, ವರ್ಷ, ಜೊತೆಗೆ ತನಗೆ 20 ವರ್ಷ ಅಂತಲೂ ಲ್ಯಾಟಿನ್‌ನಲ್ಲಿ ಬರೆದುಬಿಟ್ಟಿದ್ದಾಳೆ. ಆಮೇಲೆ ಬಟ್ಟೆ ನೋಡಿ. ಕುಂಚ ಹಿಡಿದಿರುವ ಅವಳ ತೋಳಿಗೆ ಕೆಂಪು ವೆಲ್ವೆಟ್! ಎಣ್ಣೆ ಬಣ್ಣದ ಕೆಲಸಕ್ಕೆ ಯಾರಾದರೂ ವೆಲ್ವೆಟ್ ಹಾಕ್ತಾರಾ? ನಾನು ಕೂಲಿಯವಳಲ್ಲ, ಒಳ್ಳೆ ಮನೆತನದವಳು ಅಂತ ಹೇಳೋಕೆ ಹಾಕಿದ್ದು ಅದು.

ಇನ್ನು ಕಣ್ಣು ಪಳಗಿಸಿಕೊಳ್ಳೋಕೆ ನನಗೆ ಗೊತ್ತಿರುವ ಅತ್ಯುತ್ತಮ ಚಿತ್ರ ಇಟಲಿಯ ಕ್ರೆಮೋನಾದ ಸೊಫೊನಿಸ್ಬಾ ಅಂಗ್ವಿಸೋಲಾ 1555ರಲ್ಲಿ ಬರೆದ 'ಚೆಸ್ ಆಟ'. ಈಗ ಪೋಲೆಂಡಿನ ಪೊಜ್ನಾನ್‌ನಲ್ಲಿದೆ. ಚೆಸ್ ಬೋರ್ಡಿನ ಅಂಚನ್ನು ದೊಡ್ಡದು ಮಾಡಿ ನೋಡಿ: ತಾನು ಅಮಿಲ್ಕಾರೆಯ ಮಗಳು, ಕನ್ಯೆ, ತನ್ನ ಮೂವರು ತಂಗಿಯರನ್ನೂ ಮನೆಗೆಲಸದವಳನ್ನೂ ಎದುರಿಗಿಟ್ಟುಕೊಂಡೇ ಬರೆದೆ ಅಂತಿದೆ. ದೊಡ್ಡವಳು ಲೂಸಿಯಾ ನೆಟ್ಟಗೆ ನಮ್ಮನ್ನೇ ನೋಡುತ್ತಾಳೆ, ಮುಖದಲ್ಲಿ ಗತ್ತು. ಮಿನರ್ವಾ ಬಾಯಿ ತೆರೆದು ಕೈ ಎತ್ತಿದ್ದಾಳೆ. ಪುಟ್ಟ ಯೂರೋಪಾಗೆ ಅಕ್ಕ ಮಿನರ್ವಾ ಸೋತಿದ್ದೇ ಖುಷಿ, ಹಲ್ಲು ಬಿಟ್ಟು ನಗ್ತಿದ್ದಾಳೆ. ಅಂದರೆ ಇಲ್ಲಿ ವಯಸ್ಸು ಗೊತ್ತಾಗೋದು ಎತ್ತರದಿಂದ ಮಾತ್ರ ಅಲ್ಲ, ಯಾರು ಎಷ್ಟು ನಗು ತಡೆದುಕೊಂಡಿದ್ದಾರೆ ಅನ್ನೋದರಿಂದಲೂ. ಬಲಗಡೆ ಹಿಂದೆ ನಿಂತ ಮುದುಕಿಯನ್ನು ಮಾತ್ರ ಬಿಡಬೇಡಿ. ಹುಡುಗಿಯರಿಗೆ ಕಸೂತಿ ಬಟ್ಟೆ, ಮುತ್ತು. ಅವಳ ತಲೆಗೆ ಬರೀ ಬಿಳಿ ಬಟ್ಟೆ, ಮುಖದಲ್ಲಿ ಸುಕ್ಕು. ಬರಹದಲ್ಲಿ ಅವಳಿಗೊಂದು ಹೆಸರೂ ಇಲ್ಲ. ಆದರೂ ಆ ಮುಖವನ್ನು ಸೊಫೊನಿಸ್ಬಾ ಎಷ್ಟು ಪ್ರೀತಿಯಿಂದ, ಒಂದು ಸುಕ್ಕನ್ನೂ ಮುಚ್ಚಿಡದೆ ಬರೆದಿದ್ದಾಳೆ ನೋಡಿ.

ಇಟಲಿಯದೇ ಬೊಲೋನ್ಯಾದ ಲವೀನಿಯಾ ಫೊಂಟಾನಾ ಬರೆದ ಚಿತ್ರಗಳಲ್ಲಿ ವಯಸ್ಸಿಗಿಂತ ಮದುವೆಯ ಲೆಕ್ಕ ಜಾಸ್ತಿ. ಹೆಂಗಸನ್ನು ಆಗ ಕನ್ಯೆ, ಹೆಂಡತಿ, ವಿಧವೆ ಅಂತಲೇ ಗುರುತಿಸುತ್ತಿದ್ದರು ಅಲ್ವಾ. 1577ರಲ್ಲಿ ಅವಳು ಗಂಡಿನ ಮನೆಯವರಿಗಾಗಿ ತನ್ನನ್ನೇ ಬರೆದುಕೊಂಡಳು: ಕೈ ಸಂಗೀತ ವಾದ್ಯದ ಮೇಲೆ, ಹಿಂದೆ ಸೇವಕಿ, ಈಸೆಲ್ (ಚಿತ್ರ ಬರೆಯುವಾಗ ಅದನ್ನು ನಿಲ್ಲಿಸುವ ಸ್ಟ್ಯಾಂಡ್) ಮಾತ್ರ ದೂರದ ಕಿಟಕಿ ಹತ್ತಿರ. 1580ರ ಸುಮಾರಿನ ಇನ್ನೊಂದು ಚಿತ್ರದ ಶ್ರೀಮಂತ ಹೆಣ್ಣಿಗೆ ಕೆಂಪು ಉಡುಪು, ಏಕೆಂದರೆ ಆ ಊರಲ್ಲಿ ಮದುವೆಗೆ ಕೆಂಪೇ ಇಷ್ಟದ ಬಣ್ಣ. ಜೊತೆಗೆ ರತ್ನದ ತಲೆ ಕೂರಿಸಿದ ಮಾರ್ಟೆನ್ (ಮುಂಗುಸಿಯಂಥ ಸಣ್ಣ ಪ್ರಾಣಿ) ತುಪ್ಪಳ. ಅದು ದುಡ್ಡಿನ ಗುರುತು, ಮಕ್ಕಳಾಗಲಿ ಅನ್ನೋ ಹಾರೈಕೆಯೂ ಹೌದು. ಆದರೆ ಕೆಂಪು ಕಂಡಲ್ಲೆಲ್ಲ ಮದುಮಗಳು ಅನ್ನಬೇಡಿ, ಊರಿಂದೂರಿಗೆ ಪದ್ಧತಿ ಬೇರೆ. ಲವೀನಿಯಾಳೇ ಬರೆದ, ಈಗ ಅಮೆರಿಕದ ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂನಲ್ಲಿರುವ ಜಿನೇವ್ರಾ ಆಲ್ಡ್ರೊವಾಂಡಿ ಎರ್ಕೊಲಾನಿಯ ಚಿತ್ರದಲ್ಲಿ ಕಪ್ಪು ಉಡುಪು, ಕರವಸ್ತ್ರ, ಒಂದು ಪುಟ್ಟ ನಾಯಿ. ವಿಧವೆ ಅನ್ನೋದು ಕಪ್ಪು ಬಣ್ಣದಿಂದ ಗೊತ್ತಾಗುತ್ತೆ. ಈಗ ಮುಖ ನೋಡಿ, ವಯಸ್ಸು ಎಷ್ಟಿರಬಹುದು ಅಂತ ನೀವೇ ಹೇಳಿ.